ಒಂದು ಅಂಗಿಗೆ 102 ಕಿಲೋಮೀಟರ್ ನೂಲು

ಹನ್ನೆರಡು ಸೈನಿಕರು, ತಲೆಗೆ 450 ರೂಪಾಯಿ ಬಾಡಿಗೆ, ಒಟ್ಟು 5,400. ನಮ್ಮ ಭಾಗದ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಕೃಷ್ಣದೇವರಾಯನ ರಾಯಚೂರು ವಿಜಯದ ರೂಪಕ ಆಡುವುದೆಂದು ತೀರ್ಮಾನವಾದ ದಿನ ವೇಷಭೂಷಣದ ಅಂಗಡಿಯವರು ಬರೆದುಕೊಟ್ಟ ಚೀಟಿಯಲ್ಲಿದ್ದದ್ದು ಇಷ್ಟು. ಬಂದದ್ದು ಕೆಂಪು ಮಖಮಲ್ಲು, ಅಂಚಿಗೆ ಜರಿ ಟೇಪು, ಎದೆಗೆ ಬೆಳ್ಳಿ ಬಣ್ಣ ಬಳಿದ ರೆಕ್ಸಿನ್. ಅದೇ ಬಟ್ಟೆ ಹಿಂದಿನ ವಾರ ಶಿವಾಜಿಯ ಮಾವಳೆ ಸೈನಿಕರ ಮೈಮೇಲಿತ್ತು, ಮುಂದಿನ ವಾರ ಯಾವುದೋ ಶಾಲೆಯ ಪಾಂಡವರಿಗೆ ಹೋಗುವುದಿತ್ತು.

ಹದಿಮೂರನೆಯವನೊಬ್ಬನನ್ನು ಮಾತ್ರ ಸರಿಯಾಗಿ ನಿಲ್ಲಿಸೋಣ ಎಂದು ಸಭೆಯಲ್ಲಿ ನಾನೇ ಬಾಯಿ ಬಿಟ್ಟೆ. ಆ ಯುದ್ಧ ನಡೆದ 1520ರ ಸವಾರ ಏನು ತೊಟ್ಟಿದ್ದನೋ ಅದೇ, ಕೈಯಲ್ಲೇ ಮಾಡಿದ್ದು. ನವಿ ಮುಂಬಯಿಯ ಸಾನಪಾಡಾದ ಒಂದು ಬೆಡ್‌ರೂಮಿನ ಮನೆಯಲ್ಲಿ ಕುಲುಮೆ ಹೂಡಲು ಬರುವುದಿಲ್ಲ, ನಿಜ. ಆದರೆ ಒಂದು ಪಕ್ಕಕ್ಕೆ ತುರ್ಭೆಯ ಎಂಐಡಿಸಿ ಕಾರ್ಖಾನೆಗಳು, ಇನ್ನೊಂದು ಪಕ್ಕಕ್ಕೆ ಎಪಿಎಂಸಿ ಸಗಟು ಮಾರುಕಟ್ಟೆ. ಕುರ್ಲಾದಲ್ಲಿ ಗಾಡಿ ಬದಲಿಸಿ ಸಾಯನ್‌ನಲ್ಲಿ ಇಳಿದರೆ ಧಾರಾವಿಯ ಚಕ್ಕಳ. ಮನೆಯೊಳಗೆ ಅವ್ವ. ಸಿಂದಗಿ ಕಡೆಯವಳು, ಕೌದಿ ಹೊಲಿದ ಕೈ.

ಎಲ್ಲರಂತೆ ನಾನೂ ಕಬ್ಬಿಣದಿಂದ ಶುರು ಮಾಡಿದೆ. ಉಂಗುರಕ್ಕೆ ಉಂಗುರ ಕೋದು ಹೆಣೆದ ಅಂಗಿ, ಫಾರಸಿಯಲ್ಲಿ ಜಿರಹ್. ಹಾರ್ಡ್‌ವೇರ್ ಅಂಗಡಿಯ 16 ಗೇಜಿನ ಜಿಐ ತಂತಿಯ ದಪ್ಪ 1.6 ಮಿಲಿಮೀಟರ್. ಅದನ್ನು 8 ಮಿಲಿಮೀಟರ್ ಸರಳಿಗೆ ಸುತ್ತಿ ಸುರುಳಿ ಮಾಡಿ ಕತ್ತರಿಸಿದರೆ ಒಂದೊಂದು ಉಂಗುರಕ್ಕೆ 30 ಮಿಲಿಮೀಟರ್ ತಂತಿ ಹೋಗುತ್ತದೆ, ತೂಕ ಅರ್ಧ ಗ್ರಾಂಗೆ ಸ್ವಲ್ಪ ಕಡಿಮೆ: 0.476. ಒಂದೊಂದು ಉಂಗುರದೊಳಗೆ ನಾಲ್ಕು ಉಂಗುರ ಹಾಯುವ ಸಾಮಾನ್ಯ ಹೆಣಿಗೆಯಲ್ಲಿ ತೊಡೆಯ ನಡುವಿನವರೆಗೆ ಬರುವ, ಅರ್ಧ ತೋಳಿನ ಅಂಗಿಗೆ ಸುಮಾರು 20,000 ಉಂಗುರ ಬೇಕು. ಅಂದರೆ 600 ಮೀಟರ್ ತಂತಿ, ಒಂಬತ್ತೂವರೆ ಕೆಜಿ. ಕೆಜಿಗೆ 90 ರೂಪಾಯಿ ಹಿಡಿದು, ಹಾಳಾಗುವುದಕ್ಕೆ ಒಂದು ಕೆಜಿ ಹೆಚ್ಚು ತಂದರೂ ಕಬ್ಬಿಣದ ಖರ್ಚು 950 ರೂಪಾಯಿಯ ಒಳಗೇ.

ಇಲ್ಲಿಗೆ ನಾನು ಹಿಗ್ಗಿದ್ದೆ. ಎರಡು ಬಾಡಿಗೆ ಮಖಮಲ್ಲಿನ ದುಡ್ಡಿಗೆ ಒಂದು ಉಕ್ಕಿನಂಗಿ!

ಆಮೇಲೆ ಗಂಟೆ ಎಣಿಸಿದೆ. ಸುರುಳಿ ಸುತ್ತಿ ಕತ್ತರಿಸುವುದು ಗಂಟೆಗೆ ಸಾವಿರ ಉಂಗುರದಂತೆ 20 ಗಂಟೆ. ಎರಡು ಇಕ್ಕಳ ಹಿಡಿದು ಒಂದೊಂದನ್ನೇ ಬಿಡಿಸಿ, ಕೋದು, ಮುಚ್ಚುವುದು ಗಂಟೆಗೆ 150ರಂತೆ 133 ಗಂಟೆ. ಒಟ್ಟು 153. ಕೈಗೆಲಸಕ್ಕೆ ಗಂಟೆಗೆ 100 ರೂಪಾಯಿ ಎಂದು ಹಿಡಿಯೋಣ. ಈ ಊರಲ್ಲಿ ಅದು ದೊಡ್ಡ ಕೂಲಿಯೇನಲ್ಲ, ಆದರೆ ಲೆಕ್ಕಕ್ಕೆ ಸುಲಭ. ಅಂಗಿಯ ಬೆಲೆ 16,250 ರೂಪಾಯಿ ಆಯಿತು. ಅದರಲ್ಲಿ ಕಬ್ಬಿಣದ ಪಾಲು ನೂರಕ್ಕೆ ಆರು.

ಇಷ್ಟಾದರೂ ಅದು 1520ರ ಅಂಗಿಯಲ್ಲ. ಬಾಯಿಗೆ ಬಾಯಿ ಕೂಡಿಸಿ ಸುಮ್ಮನೆ ಮುಚ್ಚಿದ ಉಂಗುರ ಈಟಿಯ ಮೊನೆಗೆ ಬಿಚ್ಚಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಅಂಥ ಉಂಗುರದ ಅಂಗಿಗಳು ಹೆಚ್ಚಾಗಿ ಕಾಣುವುದು 18, 19ನೇ ಶತಮಾನದಲ್ಲಿ, ಕಾದಾಟಕ್ಕಿಂತ ದರಬಾರಿನ ಮೆರವಣಿಗೆಗೆ: ಕಬ್ಬಿಣ, ಹಿತ್ತಾಳೆ, ತಾಮ್ರದ ಉಂಗುರಗಳನ್ನು ಬೆರೆಸಿ ಚೌಕಳಿ ಬಿಡಿಸಿದ ಅಂದದ ಅಂಗಿಗಳು. ಯುದ್ಧದ ಅಂಗಿಯಲ್ಲಿ ಒಂದು ಸಾಲು ಇಡಿಯ ಉಂಗುರ, ಇನ್ನೊಂದು ಸಾಲು ರಿವೆಟ್ ಹೊಡೆದ ಉಂಗುರ. ತುದಿಗಳನ್ನು ಒಂದರ ಮೇಲೊಂದು ಕೂರಿಸಿ, ಬಡಿದು ಚಪ್ಪಟೆ ಮಾಡಿ, ತೂತು ಕೊರೆದು, ಗುಂಡುಸೂಜಿಯ ತಲೆಯಷ್ಟು ರಿವೆಟ್ ಇಟ್ಟು ಒತ್ತಬೇಕು. ಅರ್ಧದಷ್ಟು, ಅಂದರೆ 10,000 ಉಂಗುರಕ್ಕೆ ತಲಾ ಎರಡು ನಿಮಿಷ ಹಿಡಿದರೆ 333 ಗಂಟೆ. ಉಳಿದ ತಯಾರಿಗೆ ಇನ್ನೊಂದು ನೂರು ಗಂಟೆ ಸೇರಿಸಿದರೆ ಬೆಲೆ 44 ಸಾವಿರ ದಾಟುತ್ತದೆ. ಕಬ್ಬಿಣದ ಪಾಲು ಆಗ ನೂರಕ್ಕೆ ಎರಡು.

ಯುರೋಪು, ಅಮೆರಿಕದಲ್ಲಿ ಹಳೆಯ ಯುದ್ಧಗಳನ್ನು ಮತ್ತೆ ಆಡಿ ತೋರಿಸುವ ಹವ್ಯಾಸಿಗಳು ಈ ರಿವೆಟ್ ಅಂಗಿಯನ್ನು ಕೆಲವು ನೂರು ಡಾಲರಿಗೆ ಕೊಳ್ಳುತ್ತಾರೆ. ಅದರ ಬಹುಪಾಲು ಹೋಗುವುದು ಎಲ್ಲಿಂದ ಗೊತ್ತೇ? ಮೀರತ್, ಡೆಹ್ರಾಡೂನ್ ಕಡೆಯಿಂದ. ಡೆಹ್ರಾಡೂನಿನ ವಿಂಡ್ಲಾಸ್ ಸ್ಟೀಲ್‌ಕ್ರಾಫ್ಟ್ಸ್ 1943ರಿಂದ ಕುಕ್ರಿ, ಕತ್ತಿ ಮಾಡುತ್ತಾ ಬಂದ ಕಾರ್ಖಾನೆ; ಇಂಗ್ಲಿಷ್ ನೈಟುಗಳ ಕವಚ ಇವತ್ತು ಹುಟ್ಟುವುದು ಇಂಥ ಕಡೆ. ಒಂದು ಅಂಗಿಗೆ 300 ಡಾಲರ್, ಡಾಲರಿಗೆ 85 ರೂಪಾಯಿ ಹಿಡಿದರೆ 25,500. ನನ್ನ 433 ಗಂಟೆಯಿಂದ ಭಾಗಿಸಿದರೆ ಗಂಟೆಗೆ 59 ರೂಪಾಯಿ. ಅದರಲ್ಲೇ ತಂತಿ, ಹಡಗು, ದಲ್ಲಾಳಿ, ಅಂಗಡಿಯವನ ಲಾಭ ಎಲ್ಲವೂ ಬರಬೇಕು. ಅಲ್ಲಿ ಉಂಗುರ ಒತ್ತಲು ಪ್ರೆಸ್ ಇರುತ್ತದೆ, ಗಂಟೆ ಕಡಿಮೆಯಾಗುತ್ತದೆ ಎಂಬುದು ಸರಿ. ಹೆಣೆಯುವುದು ಮಾತ್ರ ಅಲ್ಲೂ ಕೈಯೇ. ಆ ಕೈಗೆ ಎಷ್ಟು ಉಳಿಯುತ್ತದೆ ಎಂಬ ಭಾಗಾಕಾರವನ್ನು ಓದುಗರೇ ಮುಂದುವರಿಸಬಹುದು.

ನಾನು ಮಾಡಿದ್ದು 20 ಸೆಂಟಿಮೀಟರ್ ಚೌಕದ ಒಂದು ತುಂಡು, 520 ಉಂಗುರ, ಕಾಲು ಕೆಜಿ. ಲೆಕ್ಕದ ಪ್ರಕಾರ ಹೆಣೆಯುವುದು ಮೂರೂವರೆ ಗಂಟೆಯ ಕೆಲಸ, ಹಿಡಿದದ್ದು ಐದೂವರೆ. ಜಿಐ ತಂತಿಯ ಸತುವಿನ ಹೊಳಪು ಆ ಕಾಲದ್ದಲ್ಲವೆಂದು ಇನ್ನೊಂದು ತುಂಡನ್ನು ಕಟ್ಟಡದವರು ಸರಳು ಬಿಗಿಯಲು ಬಳಸುವ ಕಪ್ಪು ಬೈಂಡಿಂಗ್ ವೈರಿನಲ್ಲಿ ಮಾಡಿದೆ. ಜುಲೈ ತಿಂಗಳು, ಖಾಡಿಯ, ಅಂದರೆ ಕಡಲ ಹಿನ್ನೀರಿನ, ಕಡೆಯಿಂದ ಬೀಸುವ ಉಪ್ಪುಗಾಳಿ. ನಾಲ್ಕನೆಯ ದಿನ ಅದು ಅರಿಶಿನ ಕುಂಕುಮ ಎರಡೂ ಬೆರೆಸಿದ ಬಣ್ಣಕ್ಕೆ ತಿರುಗಿತ್ತು. ಹಿಂದಿನವರು ಮರದ ಪೀಪಾಯಿಯಲ್ಲಿ ಮರಳು ತುಂಬಿ, ಅದರೊಳಗೆ ಅಂಗಿ ಹಾಕಿ ಉರುಳಿಸಿ ತುಕ್ಕು ತೆಗೆಯುತ್ತಿದ್ದರಂತೆ. ನಾನು ಬಣ್ಣದ ಡಬ್ಬಿಯಲ್ಲಿ ಮರಳು ಹಾಕಿ ಪಡಸಾಲೆಯಲ್ಲಿ ಉರುಳಿಸಿದೆ. ಮರುದಿನ ಸೊಸೈಟಿಯ ನೋಟಿಸು ಬಂತು, ಮಧ್ಯಾಹ್ನ 2ರಿಂದ 4 ಯಾರೂ ಡ್ರಿಲ್ ಮಶೀನು ನಡೆಸಕೂಡದು ಎಂದು.

ಅಷ್ಟಕ್ಕೂ ನಮ್ಮ ಸವಾರ ಉಂಗುರದ ಅಂಗಿ ತೊಟ್ಟಿದ್ದನೇ?

ಇದನ್ನು ಮೊದಲೇ ಕೇಳಿಕೊಳ್ಳಬೇಕಿತ್ತು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಮಹಾನವಮಿಯ ದಂಡನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ಸ್ವಲ್ಪ ಕಾಲದ ನಂತರದ ಫೆರ್ನಾವೊ ನುನಿಜ್ ರಾಯಚೂರು ಯುದ್ಧವನ್ನೇ ವಿವರಿಸಿದ್ದಾನೆ. ಇಬ್ಬರ ಬರಹವೂ ರಾಬರ್ಟ್ ಸೀವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಿ ಇಂಗ್ಲಿಷಿನಲ್ಲಿದೆ. ಇಬ್ಬರೂ ಮತ್ತೆ ಮತ್ತೆ ಹೇಳುವುದು ಒಂದೇ ಉಡುಪು: ಪದರ ಪದರ ಇಟ್ಟು ಹೊಲಿದ ಅಂಗಿ. ಪಾಯೆಸ್ ಕಂಡ ಸವಾರರ ಅಂಗಿಯಲ್ಲಿ ಹದ ಮಾಡದ ಗಟ್ಟಿ ತೊಗಲಿನ ಪದರಗಳಿದ್ದವು, ಮೇಲೆ ಕಬ್ಬಿಣದ ಬಿಲ್ಲೆ, ಸಿರಿವಂತರಿಗೆ ಬೆಳ್ಳಿಯದು, ಚಿನ್ನದ ನೀರು ಕೊಟ್ಟದ್ದು. ನುನಿಜ್ ಪ್ರಕಾರ ತಲೆಗೂ ಹತ್ತಿಯದೇ ಕುಲಾವಿ. ಸೀವೆಲ್ ಒಪ್ಪುವ ತಾರೀಖಿನಂತೆ ರಾಯಚೂರು ಯುದ್ಧ ನಡೆದದ್ದು 1520ರ ಮೇ 19ರಂದು. ಮೇ ತಿಂಗಳ ರಾಯಚೂರನ್ನು ಬಲ್ಲವರಿಗೆ ಇನ್ನೊಂದು ಮಾತು ಬೇಡ. ಆ ಬಿಸಿಲಲ್ಲಿ ಒಂಬತ್ತೂವರೆ ಕೆಜಿ ಕಬ್ಬಿಣ ಹೊತ್ತ ಮನುಷ್ಯ ಶತ್ರು ಬರುವುದಕ್ಕೆ ಮೊದಲೇ ಬೆಂದಿರುತ್ತಾನೆ.

ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿ ಅಕ್ಬರನ ಎದೆಗವಚವಿದೆ, 1593ರ ಗುರಾಣಿಯಿದೆ. ಶಸ್ತ್ರಗಳ ಆ ಸಾಲು ನೋಡುತ್ತಾ ಹೋದರೆ ಅಂದಿನವರೆಲ್ಲ ಲೋಹದಲ್ಲೇ ಬದುಕಿದರೆಂದು ತೋರುತ್ತದೆ. ಬಟ್ಟೆಯನ್ನು ಗೆದ್ದಲು ತಿನ್ನುತ್ತದೆ, ಮಳೆ ತಿನ್ನುತ್ತದೆ, ಬಡವರು ಹರಿದು ಬೇರೇನೋ ಮಾಡಿಕೊಳ್ಳುತ್ತಾರೆ. ಗಾಜಿನ ಪೆಟ್ಟಿಗೆಯವರೆಗೆ ಬರುವುದು ಕಬ್ಬಿಣ. ಟಿಪ್ಪುವಿನ ಹತ್ತಿ ತುಂಬಿ ಹೊಲಿದ ಶಿರಸ್ತ್ರಾಣಗಳು ಉಳಿದಿರುವುದೂ 1799ರಲ್ಲಿ ಶ್ರೀರಂಗಪಟ್ಟಣ ಲೂಟಿಯಾಗಿ ಅವು ಬ್ರಿಟನ್ನಿನ ಚಳಿಗೆ ಹೋಗಿ ಸೇರಿದ್ದರಿಂದ. ಇನ್ನು ಆನೆಯ ಕವಚ ಬೇಕೆಂದರೂ ಅಲ್ಲಿಗೇ ಹೋಗಬೇಕು. ಲೀಡ್ಸ್‌ನ ರಾಯಲ್ ಆರ್ಮರೀಸ್‌ನಲ್ಲಿರುವ ಭಾರತದ ಆನೆಗವಚದಲ್ಲಿ ಈಗ 5,840 ತಗಡುಗಳಿವೆ, ತೂಕ 118 ಕೆಜಿ. ಕಳೆದುಹೋದ ಭಾಗವೂ ಇದ್ದಿದ್ದರೆ 159 ಕೆಜಿ ಆಗುತ್ತಿತ್ತು. ಒಂದು ಆನೆಗೆ ಹದಿನಾರು ಹದಿನೇಳು ಸವಾರರ ಕಬ್ಬಿಣ.

ಸರಿ, ಹತ್ತಿ. ಎಷ್ಟು ಪದರ ಎಂದು ಪಾಯೆಸ್ ಎಣಿಸಿ ಹೇಳಿಲ್ಲ. ಅದಕ್ಕೆ ದೂರದ ಆಧಾರವೊಂದನ್ನು ಹಿಡಿದೆ. 15ನೇ ಶತಮಾನದ ಫ್ರಾನ್ಸಿನಲ್ಲಿ 11ನೇ ಲೂಯಿ ತನ್ನ ಬಿಲ್ಲುಗಾರರ ಅಂಗಿಗೆ ನಿಯಮ ಮಾಡಿದ್ದ: ಮೂವತ್ತು ಪದರ ಬಟ್ಟೆ, ಇಲ್ಲವೇ ಇಪ್ಪತ್ತೈದು ಪದರ ಬಟ್ಟೆ ಮತ್ತು ಒಂದು ಜಿಂಕೆಯ ಚರ್ಮ. ಆ ನಿಯಮದಲ್ಲೇ ಇನ್ನೊಂದು ಮಾತಿದೆ, ಬಳಸಿ ಮೆತ್ತಗಾದ ಹಳೆಯ ಬಟ್ಟೆಯೇ ಎಲ್ಲಕ್ಕಿಂತ ಒಳ್ಳೆಯದು ಎಂದು. ಇದನ್ನು ಓದಿ ಹೇಳಿದಾಗ ಅವ್ವ ತಲೆ ಎತ್ತಲಿಲ್ಲ. "ಹೊಸಾ ಅರಬಿ ಹಾಕಿ ಕೌದಿ ಯಾರರ ಹೊಲೀತಾರೇನಪಾ? ಸೂಜಿ ಇಳಿಯೂದಿಲ್ಲ" ಅಂದಳು. ಫ್ರಾನ್ಸಿನ ಅರಸನಿಗೂ ಸಿಂದಗಿಯ ಅವ್ವನಿಗೂ ಒಂದೇ ಸೂಜಿ ಪಾಠ ಹೇಳಿದೆ.

ಅಂಗಿಯ ಮೈ ಬಿಚ್ಚಿ ಹಾಸಿದರೆ 1.6 ಚದರ ಮೀಟರ್. 25 ಪದರಕ್ಕೆ 40 ಚದರ ಮೀಟರ್ ಬಟ್ಟೆ. ಇಲ್ಲಿಯ ಅಂಗಡಿಯವರು ಮಾಂಜರಪಾಟ್ ಅನ್ನುವ ಒರಟು ಬಿಳಿ ಬಟ್ಟೆಯಲ್ಲೇ ಪೂರ್ತಿ ಮಾಡಿದರೆ 36 ಇಂಚು ಅಗಲದ್ದು 50 ಮೀಟರ್ ಬೇಕು, ಮೀಟರಿಗೆ 60ರಂತೆ 3,000 ರೂಪಾಯಿ, ಅಂಗಿಯ ತೂಕ 6 ಕೆಜಿ. ನಾವು ಹೊರಗೆರಡು ಒಳಗೆರಡು ಪದರಕ್ಕೆ ಮಾತ್ರ ಮಾಂಜರಪಾಟ್ ಹಾಕಿದೆವು: 8 ಮೀಟರ್, 480 ರೂಪಾಯಿ. ನಡುವಿನ 21 ಪದರಕ್ಕೆ ಹಳೆಯ ಕಾಟನ್ ಸೀರೆ. ಒಂದು ಸೀರೆ ಐದೂವರೆ ಮೀಟರ್ ಉದ್ದ, ಒಂದು ಮೀಟರ್ 15 ಸೆಂಟಿಮೀಟರ್ ಅಗಲ. ಕತ್ತರಿಸಿ ಹೋಗುವುದು ಐದರಲ್ಲೊಂದು ಪಾಲು. ಏಳು ಸೀರೆ ಸಾಕಾಯಿತು. ನನ್ನ ಪುಸ್ತಕದಲ್ಲಿ ಅವುಗಳ ಬೆಲೆ ಸೊನ್ನೆ. ಅವ್ವನ ಪುಸ್ತಕದಲ್ಲಿ ಅಲ್ಲ. ಹಳೇ ಬಟ್ಟೆಗೆ ಪಾತ್ರೆ ಕೊಡುವ ಭಾಂಡೇವಾಲಿ ಏಳು ಸೀರೆಗೆ ಮುಚ್ಚಳವಿರುವ ಸ್ಟೀಲ್ ಡಬ್ಬಿ ಕೊಡಬೇಕಿತ್ತು, ಮಾತಾಗಿತ್ತು, ಅದು ಹೋಯಿತು ಎಂದು ಇವತ್ತಿಗೂ ಹೇಳುತ್ತಾಳೆ.

ಹೊಲಿಗೆಯ ಗೆರೆಗಳು ಎರಡೂವರೆ ಸೆಂಟಿಮೀಟರಿಗೆ ಒಂದರಂತೆ. 1.6 ಚದರ ಮೀಟರಿಗೆ ಅಂಥ ಗೆರೆಗಳ ಉದ್ದ 64 ಮೀಟರ್, ಸೆಂಟಿಮೀಟರಿಗೊಂದು ಹೊಲಿಗೆಯಂತೆ 6,400 ಹೊಲಿಗೆ. ನಿಮಿಷಕ್ಕೆ ನಾಲ್ಕರಂತೆ 26 ಗಂಟೆ 40 ನಿಮಿಷ ಎಂದು ಬರೆದುಕೊಂಡೆ. ಮನೆಯ ಸೂಜಿ ಒಂಬತ್ತನೇ ಪದರಕ್ಕೆ ಬಾಗಿತು. ಎಪಿಎಂಸಿಯ ಧಾನ್ಯದ ಬಜಾರಿನ ಹತ್ತಿರ ಚೀಲ ಹೊಲಿಯುವವರ ಸಾಮಾನಿನ ಅಂಗಡಿಗೆ ಹೋಗಿ, ಹಿಂದಿಯಲ್ಲಿ ತಡವರಿಸಿ, ಕೊನೆಗೆ ದಬ್ಬಣ ಅಂದೆ. "ದಾಭಣ್ ಪಾಯಜೆ ಕಾ?" ಎಂದು ಆತ ಪುಡಿಕೆ ಬಿಚ್ಚಿದ. ಮರಾಠಿಗೂ ಕನ್ನಡಕ್ಕೂ ಗಡಿಯ ತಕರಾರು ಎಷ್ಟಿದ್ದರೂ ದಬ್ಬಣದಲ್ಲಿ ಇಲ್ಲ.

ದಬ್ಬಣ ಬಂದ ಮೇಲೂ ಕೆಲಸ ನನ್ನ ಲೆಕ್ಕಕ್ಕೆ ಸಿಗಲಿಲ್ಲ. ಅವ್ವ ಮೊದಲು ಐದೈದು ಪದರದ ಐದು ಕಟ್ಟು ಮಾಡಿ, ಒಂದೊಂದಕ್ಕೂ ಸಡಿಲ ದಾರ ಹಾಯಿಸಿ, ಆಮೇಲೆ ಐದನ್ನೂ ಒಟ್ಟಿಗೆ ಪೇರಿಸಿದಳು. ನೆಲದ ಮೇಲೆ ಕಾಲು ಚಾಚಿ, ಬಲ ಅಂಗೈಗೆ ಚಕ್ಕಳದ ತುಂಡೊಂದನ್ನು ಬಟ್ಟೆಯಿಂದ ಬಿಗಿದುಕೊಂಡು, ದಬ್ಬಣದ ಹಿಂಬದಿಯನ್ನು ಅದಕ್ಕೆ ಕೊಟ್ಟು ಮೈಭಾರ ಹಾಕಿ ಒತ್ತುವಳು. ಆಚೆ ಕಡೆ ಮೊನೆ ಇಣುಕಿದ ಕೂಡಲೇ ಉಂಗುರದ ಕೆಲಸಕ್ಕೆ ತಂದ ಇಕ್ಕಳದಿಂದ ನಾನು ಎಳೆಯಬೇಕು. ದಾರ ಹೊರಬರುವಾಗ ಜೇನುಮೇಣದ ವಾಸನೆ, ಪದರಗಳ ನಡುವೆ ಸೀರೆಯ ಗಂಜಿಯ ಧೂಳು. ಎಳೆದು ಬಿಗಿ ಮಾಡಿದ ಮೇಲೆ ಅವಳು ಹೆಬ್ಬೆರಳಿನಿಂದ ಹೊಲಿಗೆಯ ಕುಳಿಯನ್ನು ಒಮ್ಮೆ ತೀಡುತ್ತಾಳೆ, ಪ್ರತಿ ಸಲವೂ, 6,400 ಸಲವೂ. ಆ ತೀಡುವ ಒಂದೆರಡು ಸೆಕೆಂಡನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಂಚು, ತೋಳು ಜೋಡಿಸಿದ್ದೂ ಸೇರಿ ಮುಗಿದಾಗ 46 ಗಂಟೆ. ಮುರಿದ ದಬ್ಬಣ ಮೂರು. ತೂಕ 3.3 ಕೆಜಿ.

ಇಲ್ಲಿ ನಿಂತು ಒಮ್ಮೆ ಹಿಂದೆ ನೋಡಬೇಕು. ನನಗೆ ಬಟ್ಟೆ ಅಗ್ಗ, ಹೊಲಿಗೆ ದುಬಾರಿ. 1520ರಲ್ಲಿ? 6 ಕೆಜಿ ಹೊಸ ಒರಟು ಬಟ್ಟೆಯಲ್ಲಿರುವ ನೂಲನ್ನು, 10 ನಂಬರಿನದೆಂದು ಹಿಡಿದು, ಬಿಡಿಸಿ ಚಾಚಿದರೆ 102 ಕಿಲೋಮೀಟರ್. ಸಾನಪಾಡಾ ಬಿಟ್ಟು ಘಾಟು ಹತ್ತಿ, ಲೋಣಾವಳ ದಾಟಿ, ತಳೇಗಾವವನ್ನೂ ಹಿಂದೆ ಹಾಕುವಷ್ಟು. ಅದೆಲ್ಲ ಚರಕದಲ್ಲಿ ಬರಬೇಕು. ಚರಕ ಆಗ ನಮ್ಮಲ್ಲಿ ಹೊಸದೇನಲ್ಲ. ಇಸಾಮಿ ಎಂಬ ಕವಿ 1350ರ ಹೊತ್ತಿಗೆ ಬಹಮನಿ ಸುಲ್ತಾನನ ಆಶ್ರಯದಲ್ಲಿ ಬರೆದ ಫಾರಸಿ ಕಾವ್ಯದಲ್ಲೇ ಅದರ ಪ್ರಸ್ತಾಪವಿದೆ. ಗಂಟೆಗೆ 300 ಮೀಟರ್ ತೆಗೆದರೆ ಒಂದು ಅಂಗಿಯ ನೂಲಿಗೆ 340 ಗಂಟೆ. ಹಿಂಜುವುದು, ನೇಯುವುದು ಬೇರೆ. ರಾಯಚೂರಿಗೆ ಹೊರಟ ದಂಡಿನ ಬಗ್ಗೆ ನುನಿಜ್ ಕೊಡುವ ಅಂಕಿಗಳನ್ನು ಕೂಡಿಸಿದರೆ 7,03,000 ಕಾಲಾಳು, 32,600 ಸವಾರರು, 551 ಆನೆ. ಕಾಲಾಳುಗಳನ್ನು ಬಿಡಿ. ಸವಾರರಿಗಷ್ಟೇ ಹೊಸ ಬಟ್ಟೆಯ ಅಂಗಿ ಎಂದರೂ 196 ಟನ್ ಬಟ್ಟೆ, ನೂಲುವುದಕ್ಕೆ ಒಂದು ಕೋಟಿ ಹತ್ತು ಲಕ್ಷ ಗಂಟೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಕ್ಕೆ 300 ದಿನ ಕೂತರೆ 4,600 ಹೆಂಗಸರ ಒಂದು ವರ್ಷ. ನುನಿಜ್ ಕೈಬಿಟ್ಟು ಬರೆದಿದ್ದಾನೆ, ಹತ್ತು ಪಾಲು ಉಬ್ಬಿಸಿದ್ದಾನೆ ಎನ್ನುವವರಿದ್ದರೆ 460 ಹೆಂಗಸರು ಅಂದುಕೊಳ್ಳಿ. ಹಳೆಯ ಬಟ್ಟೆಯನ್ನು ಒಟ್ಟುಮಾಡಿ ಹೊಲಿಯುವ ಜಾಣತನ ಎಲ್ಲಿಂದ ಬಂತೆಂದು ಆಗ ತಿಳಿಯುತ್ತದೆ. ದಂಡಿನ ಕಥೆಯಲ್ಲಿ ಆನೆಗಳಿಗೂ ಲೆಕ್ಕವಿದೆ, ನೂತವರಿಗಿಲ್ಲ.

ಚಕ್ಕಳದ ವಿಚಾರ ಬೇಗ ಮುಗಿಸುತ್ತೇನೆ. ನಡುಪಟ್ಟಿ, ಕತ್ತಿಯ ಒರೆ, ಹೆಗಲಪಟ್ಟಿ, ಒಂದು ಜೊತೆ ಕೆರ. ಎಲ್ಲಕ್ಕೂ ಸೇರಿ ಸುಮಾರು 4 ಚದರ ಅಡಿ, ಹಾಳಾಗುವುದು ಸೇರಿ 5. ಅಂಗಡಿಯ ಮೆತ್ತನೆಯ ಚಕ್ಕಳ ಬಹುಮಟ್ಟಿಗೆ ಕ್ರೋಮ್ ಹದದ್ದು. ಆ ವಿಧಾನ ವ್ಯಾಪಾರಕ್ಕೆ ಬಂದದ್ದೇ 1880ರ ದಶಕದಲ್ಲಿ. ಅಂಚು ಕತ್ತರಿಸಿ ನೋಡಿದರೆ ಒಳಗೆ ನೀಲಿ ಛಾಯೆ. ನಮಗೆ ಬೇಕಾದದ್ದು ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ನೆನೆದ ಕಂದು ಚಕ್ಕಳ, ಕೊಲ್ಲಾಪುರಿ ಚಪ್ಪಲಿಯದು. ಹೆಸರು ಕೊಲ್ಲಾಪುರದ್ದಾದರೂ ಅದರ ಭೌಗೋಳಿಕ ಗುರುತಿನ ಜಿಐ ಟ್ಯಾಗಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಇವೆ. ಅಥಣಿ, ನಿಪ್ಪಾಣಿಯ ಕೈ ಅದರಲ್ಲಿ ದೊಡ್ಡದು. (ತಂತಿಯ ಜಿಐ ಬೇರೆ, ಚಪ್ಪಲಿಯ ಜಿಐ ಬೇರೆ. ಅವ್ವನಿಗೆ ಇದನ್ನು ಬಿಡಿಸಿ ಹೇಳಲು ಒಂದು ಸಂಜೆ ಹೋಯಿತು.) 2015ರಿಂದ ಮಹಾರಾಷ್ಟ್ರದಲ್ಲಿ ಎತ್ತು ಹೋರಿಗಳ ವಧೆಯೂ ನಿಷೇಧವಾದದ್ದರಿಂದ ಸಿಗುವುದು ಹೆಚ್ಚಾಗಿ ಎಮ್ಮೆಯದು. ಚದರ ಅಡಿಗೆ 150ರಂತೆ 750 ರೂಪಾಯಿ ಕೊಟ್ಟೆ. ರಂಪಿಗೆ, ಆರಿ ಹಿಡಿದು ನನಗೆ 19 ಗಂಟೆ ಹಿಡಿಯಿತು. ಕಸುಬಿನವರು ಅರ್ಧ ಹೊತ್ತಿಗೆ ಎದ್ದು ಹೋಗುತ್ತಿದ್ದರು. ಇಟಲಿಯ ಪ್ರಾಡಾ ಕಂಪನಿ 2025ರಲ್ಲಿ ಇದೇ ಮಾದರಿಯ ಚಪ್ಪಲಿಯನ್ನು ಮಿಲಾನಿನ ಶೋನಲ್ಲಿ ತೋರಿಸಿ, ಗದ್ದಲವಾದ ಮೇಲೆ ಎರಡೂ ರಾಜ್ಯಗಳ ಚರ್ಮ ನಿಗಮಗಳೊಂದಿಗೆ ಒಪ್ಪಂದಕ್ಕೆ ಬಂತು: 2,000 ಜೊತೆ, ಒಂದೊಂದು ಜೊತೆಗೆ ಸುಮಾರು 800 ಯೂರೋ. ಅಂದ ಹಾಗೆ, ಅವ್ವ ಅಂಗೈಗೆ ಕಟ್ಟಿಕೊಂಡದ್ದು ನಾನು ಹಾಳು ಎಂದು ಬರೆದಿಟ್ಟ ಆ ಒಂದು ಚದರ ಅಡಿಯಿಂದ ಹೆಕ್ಕಿದ ತುಂಡು.

ಕಬ್ಬಿಣದ ಬಿಲ್ಲೆ ಹಾಕಲಿಲ್ಲ, ಹಸಿ ತೊಗಲಿನ ಪದರವನ್ನೂ ಬಿಟ್ಟೆವು. ಎದೆಗೆ ಒಂದೇ ಪದರ ಎಂದರೂ ಒಂದು ಕೆಜಿಗೂ ಮೇಲೆ ಭಾರ, ಮುಂಬಯಿಯ ಮಳೆಯಲ್ಲಿ ನಾತ ಬೇರೆ. ಆದ್ದರಿಂದ ಇದು ಪಾಯೆಸ್ ಕಂಡ ಸವಾರನ ಅಂಗಿಯಲ್ಲ, ಅವನ ಬಡ ತಮ್ಮನದು. ಬಟ್ಟೆ ಗಿರಣಿಯದು, ದಾರ ಗಿರಣಿಯದು ಎಂಬ ದೋಷವೂ ಇದೆ.

ಬಿಲ್ಲು: ಮಾಂಜರಪಾಟ್ 480, ದಾರ 180, ಚಕ್ಕಳ 750, ದಬ್ಬಣ ಮೇಣ ಇತ್ಯಾದಿ 120. ಕೈಯಿಂದ ಹೋದದ್ದು 1,530 ರೂಪಾಯಿ. ಅವ್ವನದು 46, ನನ್ನದು 19, ಒಟ್ಟು 65 ಗಂಟೆಗೆ ನೂರರಂತೆ 6,500. ಅವಳ ಜೊತೆ ಇಕ್ಕಳ ಎಳೆದ ಹೊತ್ತನ್ನು ನಾನು ಹಾಕಿಕೊಂಡಿಲ್ಲ. ಎಲ್ಲ ಸೇರಿ 8,030. ಹನ್ನೆರಡು ಜನರ ಮಖಮಲ್ಲಿನ ಸೈನ್ಯಕ್ಕೆ 5,400, ನಮ್ಮ ಒಬ್ಬನೇ ಒಬ್ಬನಿಗೆ 8,030. ಖಜಾಂಚಿಗಳು ಚೀಟಿ ನೋಡಿ, 1,530ಕ್ಕೆ ರಸೀದಿ ಇದ್ದರೆ ಕೊಡೋಣ, ಉಳಿದದ್ದು ನಿಮ್ಮ ಸೇವೆ ಎಂದು ಬರೆದುಕೊಳ್ಳುತ್ತೇವೆ ಅಂದರು.

ರಂಗದ ಮೇಲೆ ನಮ್ಮ ಹದಿಮೂರನೆಯವನು ಹನ್ನೆರಡು ಮಿನುಗುವ ಕೆಂಪು ಸೈನಿಕರ ಪಕ್ಕ ಮಾಸಲು ಬಿಳಿ ಗಾದಿ ಸುತ್ತಿಕೊಂಡವನಂತೆ ಕಂಡ. ಹಿಂದಿನ ಸಾಲಿನ ಹುಡುಗನೊಬ್ಬ, ಇವನು ಗಾಯಾಳುವೇ ಎಂದು ಕೇಳಿದ. ನಲವತ್ತು ನಿಮಿಷ ದೀಪಗಳ ಕೆಳಗೆ ನಿಂತು ಬಂದವನ ಮೈಯಿಂದ ಅಂಗಿ ಬಿಚ್ಚಿ ತೂಗುತಕ್ಕಡಿಗೆ ಹಾಕಿದೆ: 3.62 ಕೆಜಿ. ಮುನ್ನೂರ ಇಪ್ಪತ್ತು ಗ್ರಾಂ ಬೆವರು. ಬಾಲ್ಕನಿಯ ತಂತಿ ಜಗ್ಗಿತು, ಒಣಗಲು ಮೂರು ದಿನ. ನಾನು ಅದನ್ನೂ ಬರೆದುಕೊಳ್ಳುತ್ತಿದ್ದೆ.

"ತೊಳದ ಮ್ಯಾಲೆ ಎಷ್ಟ ಕೆಜಿ ಆಕ್ಕೈತಿ, ಅದನೂ ಬರಕೋ," ಅಂದಳು ಅವ್ವ. "ಯಾರ ಹಿಂಡಾವ್ರು, ಅದನೂ."